ಬಲ್ಬು ಒತ್ತಬಾರದು

ಇವತ್ತು ಬೆಳಿಗ್ಗೆ ಕಾಫಿ ಕುಡಿದು ಆಟದ ಡಬ್ಬಿಯ ಮುಚ್ಚಳ ಎತ್ತಿದರೆ ಅದರ ಕೀಲು ಕಿರ್ರೆಂದಿತು. ಜೊತೆಗೆ ಹೊಲಿಗೆ ಮಿಷನ್ ಎಣ್ಣೆಯ ವಾಸನೆ ಸಣ್ಣಗೆ ಮೂಗಿಗೆ ಬಂತು. ಅಷ್ಟಕ್ಕೇ ನನ್ನ ಬಲಗೈಯ ಹಿಂಭಾಗ ಚುರುಕ್ಕೆಂದಿತು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮೂರು ವರ್ಷದ ಹಿಂದೆ ಅಲ್ಲಿ ಬಿದ್ದ ಒಂದು ಏಟಿನ ಉರಿ ಇನ್ನೂ ಪೂರ್ತಿ ಆರಿಲ್ಲ.

ಆಟದ ಡಬ್ಬಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ಮೇಷ್ಟ್ರಾದವನಿಗೆ ವಿವರಿಸದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಅಂಗೈಯಗಲದ ವಿಡಿಯೋ ಗೇಮ್ ಅದು. ಪುಸ್ತಕದ ಹಾಗೆ ಮಡಚಿಕೊಳ್ಳುತ್ತದೆ, ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ, ಕೆಳಗಿನದರ ಮೇಲೆ ಗೀಚಲು ಕಡ್ಡಿಯಂಥ ಪೆನ್ನು. ಮಧುಗಿರಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದ ಮನುಷ್ಯ ಇಂಥದ್ದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕೂರುವುದು ಮರ್ಯಾದೆಯಲ್ಲ ಎಂದು ನನ್ನ ಹೆಂಡತಿಯ ಅಭಿಪ್ರಾಯ. "ನಿಮ್ ಸ್ಟೂಡೆಂಟ್ಸ್ ನೋಡುದ್ರೆ ಏನಂದ್ಕೊತಾರೆ?" ಎನ್ನುತ್ತಾಳೆ. ನೋಡಿದ್ದಾರೆ. ಏನೂ ಅಂದುಕೊಂಡಿಲ್ಲ, ಹಳೇ ಮಾಡೆಲ್ ಎಂದು ಮರುಕಪಟ್ಟಿದ್ದಾರೆ.

ಕೊಂಡದ್ದು ಶಿರಾದಲ್ಲಿ. ಮದುವೆಗೆಂದು ಹೋದವನು ಮೊಬೈಲಿನ ಗಾಜು ಒಡೆದುಕೊಂಡು ಒಂದು ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಹಳೇ ಚಾರ್ಜರುಗಳ ನಡುವೆ ಇದು ಬಿದ್ದಿತ್ತು. "ಸೆಕೆಂಡ್ ಹ್ಯಾಂಡ್ ಸಾರ್, ಒಳ್ಗೆ ಒಂದೇ ಗೇಮ್ ಐತೆ. ಹೊಡೆದಾಟ ಗಿಡೆದಾಟ ಏನೂ ಇಲ್ಲ, ಪೂರಾ ದಿಮಾಗ್‌ದು. ಅದ್ಕೇ ಹುಡುಗ್ರು ಯಾರೂ ಮುಟ್ಟಲ್ಲ" ಎಂದರು ಅಂಗಡಿಯ ಸಾಹೇಬರು. ದಿಮಾಗಿನ ಆಟ, ಅಂದರೆ ಬುದ್ಧಿಯ ಆಟ ಎಂದ ಮೇಲೆ ಗಣಿತದ ಮೇಷ್ಟ್ರು ಬಿಟ್ಟುಬರಲು ಆಗುತ್ತದೆಯೇ? ನನ್ನನ್ನೇ ಹೊಗಳಿದರೆಂದು ತಿಳಿದು ಕೊಂಡುಬಂದೆ.

ಆಟದ ಕತೆ ಇಷ್ಟೇ. ಗಡಿಯಾರ ರಿಪೇರಿ ಮಾಡುವ ಒಬ್ಬ ಹೆಂಗಸು, ಒಂದೂರಿನ ಗೋಪುರದ ಗಡಿಯಾರದಿಂದ ಕಳುವಾದ ಮುಳ್ಳು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾಳೆ. ಆ ಊರಿನ ಜನವೋ, ಶಿವನೇ ಬಲ್ಲ! ದಾರಿ ಕೇಳಿದರೆ ಒಗಟು ಹಾಕುತ್ತಾರೆ, ಬಾಗಿಲು ತಟ್ಟಿದರೆ ಲೆಕ್ಕ ಕೊಡುತ್ತಾರೆ, ಕುಡಿಯಲು ನೀರು ಕೇಳಿದರೂ ಮೂರು ಕೊಡ ಮುಂದಿಟ್ಟು ಅಳೆ ಎನ್ನುತ್ತಾರೆ. ಬಿಡಿಸದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ. ತೀರಾ ತೋಚದಿದ್ದರೆ ಪರದೆಯ ಮೂಲೆಯಲ್ಲಿ ಒಂದು ಬಲ್ಬಿನ ಚಿತ್ರವಿದೆ, ಅದನ್ನು ಒತ್ತಿದರೆ ಸುಳಿವು ಸಿಗುತ್ತದೆ. ಮೊದಲ ವಾರ ನಾನು ಒತ್ತಿದ ಒತ್ತಿಗೆ ನಿಜವಾದ ಬಲ್ಬಾಗಿದ್ದರೆ ಸುಟ್ಟುಹೋಗಬೇಕಿತ್ತು.

ಇನ್ನು ಚಿಕ್ಕಮ್ಮನ ವಿಚಾರ. ನಮ್ಮಮ್ಮನ ತಂಗಿ ಓಂಕಾರಮ್ಮ, ಕೊಡಿಗೇನಹಳ್ಳಿಯಲ್ಲಿ ಟೈಲರ್. ಮಗಳು ಜಯಾ ಮತ್ತು ಅಳಿಯ ಅದೇ ಮನೆಯಲ್ಲಿದ್ದಾರೆ, ಬೀದಿಯ ಕಡೆಯ ಕೋಣೆ ಚಿಕ್ಕಮ್ಮನ ಹೊಲಿಗೆಯದು. ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಆದರೆ ಎಪ್ಪತ್ತು ಸೆಂಟಿಮೀಟರ್ ಬಟ್ಟೆಯಲ್ಲಿ ಉದ್ದ ತೋಳಿನ ರವಿಕೆ ತೆಗೆಯುವ ವಿದ್ಯೆ ಸುತ್ತ ಹೋಬಳಿಯಲ್ಲಿ ಅವಳೊಬ್ಬಳಿಗೇ ಇತ್ತು. ಬಟ್ಟೆಯನ್ನು ಮಂಚದ ಮೇಲೆ ಹರಡಿ, ಅತ್ತಿಂದ ನೋಡಿ, ಇತ್ತಿಂದ ನೋಡಿ, ಒಂದು ಸಲ ತಿರುವಿಟ್ಟು ಕತ್ತರಿ ಹಾಕಿದಳೆಂದರೆ ಮುಗಿಯಿತು. "ಬಟ್ಟೆ ಸಾಲ್ದು ಅನ್ನೋರಿಗೆ ತಿರುಗ್ಸಿ ಇಡಕ್ಕೆ ಬರಲ್ಲ ಅಷ್ಟೇ ಕಣ್ಲಾ" ಎನ್ನುತ್ತಿದ್ದಳು.

ಒಂದು ಭಾನುವಾರ ಅವಳ ಕೋಣೆಯಲ್ಲಿ ಕೂತು ಒಂದು ಹೊಲದ ಒಗಟಿನಲ್ಲಿ ಒದ್ದಾಡುತ್ತಿದ್ದೆ. ಮೂಲೆ ಕಡಿದಂಥ ಹೊಲ, ನಾಲ್ಕು ಮಕ್ಕಳಿಗೆ ಒಂದೇ ಅಳತೆಯಲ್ಲಿ, ಒಂದೇ ಆಕಾರದಲ್ಲಿ ಹಂಚಬೇಕು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ. ಮಿಷನ್ ತುಳಿಯುತ್ತಲೇ ಓರೆಗಣ್ಣಿನಲ್ಲಿ ನೋಡಿದಳು. "ಕೊಡಿಲ್ಲಿ" ಎಂದು ಪೆನ್ನು ಕಿತ್ತುಕೊಂಡು ನಾಲ್ಕು ಗೀಟು ಎಳೆದಳು. ಸರಿಯಾದ ಉತ್ತರಕ್ಕೆ ಆ ಡಬ್ಬಿ ಟಿಣಿಟಿಣಿ ಎಂದು ಒಂದು ಪೆದ್ದು ಸಂಗೀತ ಬಾರಿಸುತ್ತದೆ. ಬಾರಿಸಿತು.

"ಇದೇನ್ ಮಹಾ ವಿದ್ಯೆ? ತೋಳು ಕತ್ತರ್ಸೋರೆಲ್ಲ ಮಾಡ್ತಾರೆ. ಲೇ ಮೇಷ್ಟ್ರೇ, ನಿಂಗೆ ಸಂಬ್ಳ ಯಾಕ್ ಕೊಡ್ತಾರ್ಲಾ?"

ಅವತ್ತಿನಿಂದ ಪ್ರತಿ ಭಾನುವಾರ ನಮ್ಮಿಬ್ಬರ ಆಟ. ಓದಿ ಹೇಳುವುದು ನಾನು, ನೀರು ಅಳೆಯುವುದು, ಅಂಕಿ ಕೂಡಿಸುವುದು ನಾನು. ಕತ್ತರಿಸುವುದು, ಜೋಡಿಸುವುದು ಏನಿದ್ದರೂ ಅವಳು. ಒಂದೇ ಒಂದು ಕಟ್ಟುನಿಟ್ಟು, ಬಲ್ಬು ಒತ್ತಬಾರದು. ನನ್ನ ಬೆರಳು ಆ ಮೂಲೆಗೆ ಹೋಯಿತೋ, ಕೈಯ ಮೇಲೆ ಪಟ್ಟೆಂದು ಏಟು. "ಇನ್ನೊಬ್ಬರು ಹೇಳ್ಕೊಟ್ಟ ಮ್ಯಾಕೆ ಅದು ನಿನ್ ಬುದ್ಧಿ ಹೆಂಗಾಯ್ತದೆ? ಸುಮ್ಕೆ ಕುಂತ್ಕೋ, ತಾನೇ ಬತ್ತದೆ." ಕೀಲು ಕಿರ್ರೆಂದಾಗ ಮಿಷನ್ ಎಣ್ಣೆಯ ಡಬ್ಬಿಯಿಂದ ಒಂದು ತೊಟ್ಟು ಬಿಟ್ಟವಳೂ ಅವಳೇ. ಕಂಪನಿಯವರು ಕಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ದಿನ ಬಟ್ಟೆ ಕತ್ತರಿಸುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಏಟಿಗೆ ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು ಮಾತು ಬರುವುದು ಕಷ್ಟ ಎಂದರು. ಮಾತು ಹೋಯಿತು ಎಂದದ್ದನ್ನು ನಾವು ಬುದ್ಧಿ ಹೋಯಿತು ಎಂದು ಅರ್ಥ ಮಾಡಿಕೊಂಡು ಮನೆಗೆ ಕರೆತಂದೆವು. ನಮ್ಮ ಅನುಮಾನಕ್ಕೆ ತಕ್ಕ ಹಾಗೆ, ಊಟ ಬೇಕಾ ಎಂದರೆ ಹೂಂ ಎಂದು ತಲೆಯಾಡಿಸಿ, ತಟ್ಟೆ ತಂದರೆ ತಳ್ಳುತ್ತಿದ್ದಳು. ಬೇಡವಾ ಎಂದರೂ ಅದೇ ತಲೆಯಾಟ. ಹೌದು, ಇಲ್ಲ ಎರಡೂ ಅವಳಿಗೆ ಅದಲುಬದಲಾಗಿ ಬರುತ್ತಿವೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೆಲವು ದಿನ ನೋಡಿ ಕೇಳುವುದನ್ನೇ ಬಿಟ್ಟೆವು. ಅವಳೂ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಹಾಗೆ ಐದು ತಿಂಗಳು. ಆ ಐದು ತಿಂಗಳಲ್ಲಿ ಆ ಮಂಚದ ಪಕ್ಕದಲ್ಲಿ ಏನೇನು ಮಾತಾಡಿದೆವು ಎಂಬುದನ್ನೂ ಹೇಳಿಬಿಡುತ್ತೇನೆ. ತಿರುಮಣಿಯಿಂದ ಬಂದ ಅವಳ ನಾದಿನಿ ಮಂಚದ ತುದಿಯಲ್ಲೇ ಕೂತು, "ಪಾಪಂ, ಈಯಮ್ಮಕಿ ಏಮೀ ತೆಲೀದು, ಏನೂ ತಿಳಿಯಲ್ಲ. ಗೋಡೆನೂ ಒಂದೇ ನಾವೂ ಒಂದೇ" ಎಂದಳು. ಪಕ್ಕದ ಮನೆಯಾಕೆ ದೊಡ್ಡ ಕತ್ತರಿ ಎತ್ತಿಕೊಂಡು, "ಇನ್ಯಾತಕ್ಕೆ ಇದು ಆಯಮ್ಮಂಗೆ" ಎಂದು ಒಯ್ದಳು. ಜಯಾ ಅಲ್ಲೇ ನಿಂತು ಫೋನಿನಲ್ಲಿ ಮಿಷನ್ ಮಾರುವ ಮಾತಾಡಿದಳು. ಕೊರಟಗೆರೆಯ ಒಬ್ಬಾಕೆ ಬಂದು ನೋಡುವುದೆಂದು ಆಯಿತು.

ನಾನೇನು ಸಾಚಾ ಅಲ್ಲ. ಒಂದು ಸಂಜೆ ಜಯಾ, "ಅಣ್ಣಾ, ಇನ್ನೆಷ್ಟು ದಿನ ಹಿಂಗೆ?" ಎಂದು ಕೇಳಿದಾಗ, ಮಂಚದ ಪಕ್ಕ ನಿಂತು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹೇಳಿದೆ: "ಹಿಂಗೆ ಮಲಗಿರೋ ಬದ್ಲು ಅವತ್ತೇ ಹೋಗ್ಬುಟ್ಟಿದ್ರೆ ಚೆನ್ನಾಗಿತ್ತು ಕಣಮ್ಮ." ಹೇಳಿದವನು ಯಾರು? ಅವಳು ಹೊಲಿದುಕೊಟ್ಟ ಅಂಗಿ ತೊಟ್ಟು ಶಾಲೆಗೆ ಹೋದವನು.

ಕೊರಟಗೆರೆಯಾಕೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಮಿಷನ್ ಇದ್ದದ್ದು ಅದೇ ಹೊಲಿಗೆಯ ಕೋಣೆಯಲ್ಲಿ, ಮಂಚದ ಮೇಲೆ ಮಲಗಿದ್ದ ಚಿಕ್ಕಮ್ಮನ ಕಾಲ ಬಳಿ. ಆಕೆ ಚಕ್ರ ತಿರುಗಿಸಿದಳು, ತುಳಿದಳು, ಚಿಂದಿಯೊಂದರ ಮೇಲೆ ಹೊಲಿಗೆ ಓಡಿಸಿ ನೋಡಿದಳು. ಮಂಚದ ಮೇಲೆ, ಚಿಕ್ಕಮ್ಮನ ತಲೆಯ ಪಕ್ಕ ಕೂತಿದ್ದೆ, ಆ ಸದ್ದು ಸುಮ್ಮನೆ ಕೇಳುವುದು ನನ್ನಿಂದ ಆಗಲಿಲ್ಲ. ಕಣ್ಣಿಡಲು ಒಂದು ಜಾಗ ಬೇಕಲ್ಲ, ಜೇಬಿನಿಂದ ಡಬ್ಬಿ ತೆಗೆದೆ. ತಿಂಗಳುಗಳ ಹಿಂದೆ ನಿಂತ ಕಡೆಯೇ ಇತ್ತು ಆಟ. ಉದ್ದನೆಯ ಬಟ್ಟೆಯೊಂದನ್ನು ಎರಡೇ ತುಂಡು ಮಾಡಿ ಚೌಕದ ಕಿಟಕಿಗೆ ಪರದೆ ಜೋಡಿಸಬೇಕು. ಹೀಗೆ ಗೀಚಿದೆ, ಹಾಗೆ ಗೀಚಿದೆ, ತಪ್ಪು, ತಪ್ಪು. ಬೇಸತ್ತು ಬೆರಳನ್ನು ಬಲ್ಬಿನ ಕಡೆ ಒಯ್ದೆ.

ಪಟ್!

ಏನಾಯಿತೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೈಯ ಮೇಲೆ ಏಟು ಬಿದ್ದಿತ್ತು. ಮಂಚದ ಆ ತುದಿಯಲ್ಲಿ ಜಯಾ, ಕೊರಟಗೆರೆಯಾಕೆ ಇಬ್ಬರೂ ಮಿಷನ್ನಿನ ಹತ್ತಿರ ಇದ್ದರು. ಹಾಗಾದರೆ ಹೊಡೆದದ್ದು ಯಾರು? ತಿರುಗಿ ನೋಡಿದೆ. ಚಿಕ್ಕಮ್ಮನ ಮುಖ ಗೋಡೆಯ ಕಡೆ ಇರಲಿಲ್ಲ. ಕಣ್ಣು ಡಬ್ಬಿಯ ಮೇಲಿತ್ತು. ಎಡಗೈ ಪೆನ್ನಿಗಾಗಿ ತಡಕಾಡುತ್ತಿತ್ತು. ಅಯ್ಯೋ ಶಿವನೇ! ಪೆನ್ನು ಕೊಟ್ಟೆ. ಅಭ್ಯಾಸವಿಲ್ಲದ ಎಡಗೈಯಲ್ಲಿ ಗೀಟೆಳೆದಳು, ನೆಟ್ಟಗೆ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಸೊಟ್ಟಗಾಯಿತು, ಡಬ್ಬಿ ಒಪ್ಪಲಿಲ್ಲ. ಮತ್ತೆ ಎಳೆದಳು. ಮೂರನೇ ಸಲಕ್ಕೆ ಟಿಣಿಟಿಣಿ ಎಂದಿತು.

ನನಗೆ ಸಂತೋಷವಾಗಬೇಕಿತ್ತು ಅಲ್ಲವೇ? ನಿಜ ಹೇಳುತ್ತೇನೆ, ಆಗಲಿಲ್ಲ. ಮೊದಲು ಬಂದದ್ದು ಭಯ. ಇವಳು ಇಷ್ಟು ದಿನವೂ ಇಲ್ಲೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ನಾದಿನಿಯ ಮಾತು, ಕತ್ತರಿಯ ಮಾತು, ಮಿಷನ್ನಿನ ಮಾತು. ನನ್ನ ಮಾತು.

"ಜಯಾ, ಬಾ ಇಲ್ಲಿ" ಎಂದೆ. ವಿಷಯ ಹೇಳಿದರೆ, "ಕೈ ಜರುಗಿರ್ಬೇಕು ಬುಡಣ್ಣ" ಎಂದಳು. ಅವಳ ಕಣ್ಣೆದುರಿಗೇ ಬೆರಳನ್ನು ಬಲ್ಬಿನ ಹತ್ತಿರ ಒಯ್ದೆ. ಪಟ್! ಜಯಾ ಹಾಗೇ ನೆಲದ ಮೇಲೆ ಕುಸಿದು ಕೂತಳು. "ಅವ್ವಾ... ಅವ್ವಾ, ಮಿಷನ್ ಕೊಡಲ್ಲ ಕಣವ್ವಾ" ಎಂದು ತಾಯಿಯ ಸತ್ತ ಕೈಯನ್ನು ಹಿಡಿದುಕೊಂಡು ಹೋ ಎಂದು ಅತ್ತಳು. ಕೊರಟಗೆರೆಯಾಕೆ ಚಿಂದಿಯನ್ನು ಮಡಚಿ ಮಿಷನ್ ಮೇಲಿಟ್ಟು, "ನಂಗಿದು ಬ್ಯಾಡ ಕಣಮ್ಮ, ಆಯಮ್ಮ ಎದ್ದು ಕುಂತ್ಮೇಲೆ ನಂದೂ ಒಂದು ರವಿಕೆ ಹೊಲ್ಕೊಡ್ಲಿ" ಎಂದವಳೇ ಕಾಫಿಗೂ ನಿಲ್ಲದೆ ಹೊರಟುಹೋದಳು.

ಸುದ್ದಿ ಬೀದಿಗೆ ಬಿದ್ದದ್ದೇ ತಡ, ಸಂಜೆಯೊಳಗೆ ಮನೆಗೆ ದೊಡ್ಡ ಕತ್ತರಿ ವಾಪಸ್ ಬಂತು. ಹಿಂದೆಯೇ ಎರಡು ಟೇಪು, ಒಂದು ಬುಟ್ಟಿ ದಾರದುಂಡೆ, ಹೋಗಿತ್ತೆಂದು ಯಾರಿಗೂ ಗೊತ್ತೇ ಇರದ ಒಂದು ಹಿತ್ತಾಳೆ ಚೊಂಬು. ತಿರುಮಣಿಯ ನಾದಿನಿ ಫೋನ್ ಮಾಡಿ, "ನಿಜಂಗಾನಾ? ನಾನೇನೂ ಅಂದಿಲ್ಲ ಅಲ್ವಾ?" ಎಂದು ಜಯಾಳನ್ನು ನಾಲ್ಕು ಸಲ ಕೇಳಿದಳಂತೆ. ದಿನಾ ಬಂದು ಆ ಮೂಕ ಕಿವಿಯಲ್ಲಿ ಸೊಸೆಯ ಮೇಲಿನ ದೂರು ಸುರಿದು ಹಗುರಾಗಿ ಹೋಗುತ್ತಿದ್ದ ಎದುರು ಮನೆಯ ಅಜ್ಜಿ ಮಾತ್ರ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ.

ಮಾರನೆಯ ದಿನವೇ ತುಮಕೂರಿಗೆ ಕರೆದೊಯ್ದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಇವರಿಗೆ ಎಲ್ಲಾ ಅರ್ಥ ಆಗುತ್ತೆ. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಮೇಷ್ಟ್ರು, ಮಾತು ಕಲಿಸುವುದು ಹೇಗೆಂದು ಕೇಳಿ ಮಗ್ಗಿಯ ಹಾಗೆ ಬರೆದುಕೊಂಡೆ.

ಆಮೇಲೆ ಮಾತಿನ ಅಭ್ಯಾಸ ಶುರುವಾಯಿತು. ಈಗ ಚಿಕ್ಕಮ್ಮನ ಹತ್ತಿರ ಒಂದು ಹಿಡಿ ಮಾತಿದೆ. ಒಂದೊಂದನ್ನೂ ಹುಡುಕಿ, ತಿರುವಿ, ಜೋಡಿಸಿ ಆಡುತ್ತಾಳೆ. ಎಡಗಾಲಿನಲ್ಲಿ ಮಿಷನ್ ತುಳಿದು ದಿಂಬಿನ ಚೀಲ ಹೊಲಿಯುತ್ತಾಳೆ. ನನ್ನ ಆಟದ ಡಬ್ಬಿಗೂ ಒಂದು ಚೀಲ ಹೊಲಿದುಕೊಟ್ಟಿದ್ದಾಳೆ, ಹೊಲಿಗೆ ಸೊಟ್ಟ. ಅದನ್ನು ಯಾರಾದರೂ ಆಡಿಕೊಂಡರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಭಾನುವಾರದ ಆಟವೂ ನಡೆದಿದೆ. ಗಡಿಯಾರದ ಮುಳ್ಳು ಇನ್ನೂ ಸಿಕ್ಕಿಲ್ಲ, ಬಲ್ಬು ಒತ್ತುವಂತಿಲ್ಲವಲ್ಲ!

ಆದರೆ ಮೂರು ವರ್ಷದಲ್ಲಿ ಒಂದು ಮಾತನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಆ ಸಂಜೆ ನಾನು ಆಡಿದ್ದು ಅವಳಿಗೆ ಕೇಳಿಸಿತ್ತೇ? ನಿದ್ದೆಯಲ್ಲಿದ್ದಿರಬಹುದು ಎಂದುಕೊಳ್ಳುವುದು, ಇರಲಾರದು ಎಂದುಕೊಳ್ಳುವುದು, ಹೀಗೇ ಕಾಲ ತಳ್ಳಿದ್ದೆ. ಬೆಳಿಗ್ಗೆ ಕೀಲು ಕಿರ್ರೆಂದಾಗ ಇನ್ನು ತಾಳಲಾರೆ ಅನ್ನಿಸಿತು. ಇವತ್ತು ಹೇಗೂ ಭಾನುವಾರ. ಬಸ್ಸು ಹತ್ತಿದೆ.

ನಾನು ಹೋದಾಗ ಚಿಕ್ಕಮ್ಮ ಮಿಷನ್ ಮುಂದೆ ಕೂತಿದ್ದಳು. ಡಬ್ಬಿ ತೆರೆದು ಕೀಲಿನ ಸದ್ದು ಕೇಳಿಸಿದೆ. ನಕ್ಕು, ಎಡಗೈಯಲ್ಲಿ ಎಣ್ಣೆ ಬಿಟ್ಟಳು. ಎರಡು ತೊಟ್ಟು ಆಚೆ ಬಿದ್ದವು. ಪಕ್ಕ ಕೂತು ಒಂದು ಒಗಟು ಓದಿ ಹೇಳಿದೆ, ಏನು ಓದಿದೆನೋ ನನಗೇ ಗೊತ್ತಾಗಲಿಲ್ಲ. ಅವಳು ಪೆನ್ನು ಹಿಡಿದು ಪರದೆಯ ಮೇಲೆ ಬಗ್ಗಿದಳು.

"ಚಿಕ್ಕಮ್ಮ, ನೀನು ಮಲಗಿದ್ದಾಗ ಒಂದಿನ ಸಂಜೆ ನಾನು ಜಯಂಗೆ ಒಂದು ಮಾತು ಅಂದಿದ್ದೆ. ಅವತ್ತೇ ಹೋಗ್ಬುಟ್ಟಿದ್ರೆ ಅಂತ. ನಿಂಗೆ ಕೇಳುಸ್ತಾ?"

ಪೆನ್ನು ನಿಂತಿತು. ಅವಳು ತಲೆಯೆತ್ತಲಿಲ್ಲ.

"ಊಂ" ಎಂದಳು.

ಗೊತ್ತಿದ್ದದ್ದೇ. ಕ್ಷಮಿಸು ಎನ್ನಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಹೇಳಲು ಬಾಯಿ ತೆರೆದೆ. ಚಿಕ್ಕಮ್ಮ ಆಗಲೇ ಮಾತು ಹುಡುಕುತ್ತಿದ್ದಳು. ತುಟಿ ಅಲುಗುತ್ತಿತ್ತು. ಒಂದು ಮಾತು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

"ನಿನ್... ನಿನ್ ಕಣ್ಣಾಗೆ... ನೀರು. ನೀರಿತ್ತು ಕಣ್ಲಾ."

ನನಗೆ ನೆನಪೇ ಇರಲಿಲ್ಲ. ಆಡಿದ ಮಾತೊಂದನ್ನೇ ಮೂರು ವರ್ಷ ಹೊತ್ತುಕೊಂಡು ತಿರುಗಿದ್ದೆ, ಕನ್ನಡಕ ಯಾಕೆ ಒರೆಸಿಕೊಂಡೆ ಎಂಬುದು ಮರೆತೇಹೋಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಅದನ್ನು ಯಾವಾಗ ತಿರುಗಿ ನೋಡಿದಳೋ!

ಈಗಲೂ ಕನ್ನಡಕ ಮಂಜಾಯಿತು, ಪರದೆ ಕಾಣಿಸಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಬೆರಳನ್ನು ಎಲ್ಲಿಗೋ ಒಯ್ದೆ.

ಪಟ್! "ಲೇ ಮೇಷ್ಟ್ರೇ" ಎಂದಳು.