ಬೇಡವೆಂದ ದನಿ ಕೇಳಿಸದವರಿಗಾಗಿ

ವಿಜಯಪುರದ ಜುಮ್ಮಾ ಮಸೀದಿಯ ಹಿಂದಿನ ಓಣಿಗೆ ಬೆಳಗಿನ ಐದೂವರೆಗೆ ನಳದ ನೀರು ಬರುತ್ತದೆ. ಕೊಡಗಳನ್ನು ತುಂಬಿಸಿಟ್ಟು, ಚಹಾ ಕುಡಿದು, ಯಾಸ್ಮೀನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ತೆರೆಯ ಮೇಲೆ ಒಬ್ಬ ಮನುಷ್ಯ ಪಂಪಿನ ಸ್ಟಾರ್ಟರ್ ಡಬ್ಬಿ ಬಿಚ್ಚುತ್ತಿದ್ದಾನೆ. ತುಟಿಗಳು ಅಲುಗುತ್ತಿವೆ, ಮಾತು ಕೇಳುವುದಿಲ್ಲ. ಯಾಸ್ಮೀನ ದನಿಯನ್ನು ಪೂರ್ತಿ ಬಂದ್ ಮಾಡಿದ್ದಾರೆ. ಹನ್ನೆರಡು ನಿಮಿಷದ ಪಾಠವನ್ನು ಹೀಗೆ ಮೂಕವಾಗಿಯೇ ನೋಡಿ ಮುಗಿಸಿ, ತಿಳಿದಷ್ಟನ್ನು ನೋಟುಬುಕ್ಕಿನಲ್ಲಿ ಬರೆಯುತ್ತಾರೆ. ಆಮೇಲೆ ದನಿ ಹಚ್ಚಿ, ಪಾಠ ನಿಜವಾಗಿ ಏನು ಹೇಳುತ್ತಿದೆ ಎಂದು ಕೇಳುತ್ತಾರೆ. ಎರಡೂ ತಾಳೆಯಾಗದ ಕಡೆ ಕೆಂಪು ಪೆನ್ನಿನ ಗುರುತು.

"ಇಲ್ಲಿ ನೋಡ್ರಿ. ಮೊದಲು ಮೇನ್ ಸ್ವಿಚ್ ಬಂದ್ ಮಾಡ್ರಿ ಅಂತ ದನಿ ಹೇಳ್ತೈತಿ. ಚಿತ್ರದಾಗ ಬಂದ್ ಮಾಡೋದು ಕಾಣಂಗಿಲ್ಲ. ಕಿವಿ ಕೇಳದಾಂವ ಇದನ್ನ ನೋಡಿ ಕಲ್ತ್ರ ಕರೆಂಟ್ ಇದ್ದಾಗ ಕೈ ಇಡ್ತಾನ" ಎನ್ನುತ್ತಾರೆ. ದನಿ ಏರುವುದಿಲ್ಲ.

ನಲವತ್ತೊಂದು ವರ್ಷದ ಯಾಸ್ಮೀನ, ಮೊಬೈಲಿನಲ್ಲಿ ಕಲಿಸುವ ತರಬೇತಿ ಪಾಠಗಳನ್ನು ಕಿವಿ ಕೇಳದವರಿಗೂ ಕಣ್ಣು ಕಾಣದವರಿಗೂ ತಿಳಿಯುವಂತೆ ತಿದ್ದುತ್ತಾರೆ. ಮಾತನ್ನು ಅಡಿಬರಹವಾಗಿ ಕೂರಿಸುತ್ತಾರೆ. ಒಂದು ಸಾಲಿಗೆ ಆರು ಪದ ದಾಟಬಾರದು, ಸಾಲು ನಾಲ್ಕು ಸೆಕೆಂಡಿಗಿಂತ ಮೊದಲು ಅಳಿಯಬಾರದು. ಇದು ಯಾರೋ ಹೇಳಿಕೊಟ್ಟ ಲೆಕ್ಕವಲ್ಲ, ಅವರೇ ಕಂಡುಕೊಂಡದ್ದು. ಹತ್ತು ನಿಮಿಷದ ಪಾಠಕ್ಕೆ ಎರಡು ದಿನ ಬೇಕು. ನಾಲ್ಕೂವರೆ ವರ್ಷದಲ್ಲಿ ಅರವತ್ತಮೂರು ಪಾಠಗಳು ಅವರ ಕೈಯಿಂದ ದಾಟಿ ಹೋಗಿವೆ. ಯಾವುದರಲ್ಲೂ ಅವರ ಹೆಸರಿಲ್ಲ.

ಇದಕ್ಕೂ ಮೊದಲು ಅವರು ಆ ಪಾಠಗಳ ದನಿಯಾಗಿದ್ದರು. ತಂದೆ ಅಲ್ಲಾಉದ್ದೀನ ಆಟೊಗೆ ಮೈಕ್ ಕಟ್ಟಿಕೊಂಡು ಊರೆಲ್ಲ ಪ್ರಚಾರ ಹೇಳುತ್ತಿದ್ದವರು. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವುದನ್ನು ಮಗಳಿಗೆ ಮನೆಯಲ್ಲೇ ಕಲಿಸಿದರು. ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಯಾಸ್ಮೀನರ ಮಾತು ಕೇಳಿ, ತರಬೇತಿ ಸಂಸ್ಥೆಯೊಂದರ ಸಂಯೋಜಕ ಬಸಗೊಂಡಪ್ಪ ಅವರನ್ನು ಕರೆಸಿದರು. ಮೊದಲು ಓದಿದ್ದು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಕೂಲಿಕಾರರ ಪಾಠ. ಅದರ ಒಂದು ಭಾಗದಲ್ಲಿ, ಕಸ ಕಟ್ಟಿದ ಸ್ಪ್ರೇ ನಳಿಕೆಯನ್ನು ಒಬ್ಬ ಬಾಯಿಗಿಟ್ಟು ಊದುತ್ತಾನೆ. "ಹೀಗೆ ಎಂದಿಗೂ ಮಾಡಬೇಡಿ" ಎನ್ನುತ್ತದೆ ಯಾಸ್ಮೀನರ ದನಿ.

ತಿಕೋಟಾ ಕಡೆಯ ಹೊನವಾಡದಲ್ಲಿ ಕುನಾಲ ಎಂಬ ಯುವಕ ಆ ಪಾಠ ನೋಡಿದ. ಆಗ ಅವನಿಗೆ ಇಪ್ಪತ್ತೊಂದು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವ. ಅವ್ವ ರೇಣವ್ವನ ಜೊತೆ ತೋಟದ ಕೂಲಿಗೆ ಹೋಗುತ್ತಿದ್ದ. ಪಾಠ ನೋಡಿದ ಮೂರನೆಯ ದಿನ ನಳಿಕೆ ಕಟ್ಟಿತು. ಕುನಾಲ ಅದನ್ನು ಬಿಚ್ಚಿ, ಬಾಯಿಗಿಟ್ಟು ಊದಿದ.

ವಿಜಯಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಜೀವ ಉಳಿಯಿತು. ಬಲಗೈ ಮಾತ್ರ ಅಂದಿನಿಂದ ನಡುಗುತ್ತದೆ.

ಸುದ್ದಿ ತಿಳಿಸಿದ್ದು ಬಸಗೊಂಡಪ್ಪನವರೇ. ದನಿಯಲ್ಲಿ ಸ್ಪಷ್ಟವಾಗಿ ಬೇಡ ಎಂದಿದೆ, ನಮ್ಮದೇನೂ ತಪ್ಪಿಲ್ಲ ಎಂದರು. ಯಾಸ್ಮೀನ ಫೋನು ಇಟ್ಟು ಆ ಪಾಠ ತೆರೆದರು, ಮೊದಲ ಸಲ ದನಿ ಬಂದ್ ಮಾಡಿ ನೋಡಿದರು. ಮುಂದಿನ ವಾರ ಹೊನವಾಡದ ಬಸ್ಸು ಹತ್ತಿದರು.

ಕುನಾಲ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವನ ಸನ್ನೆಗಳನ್ನು ಮಾತಿಗಿಳಿಸಿ ಹೇಳುವವಳು ಅಕ್ಕ ನೀಲಾ. ಅವನು ಮೊಬೈಲಿನಲ್ಲಿ ಆ ಪಾಠವನ್ನೇ ತೆಗೆದು, ಊದುವವನ ತಲೆಯ ಮೇಲೆ ಬೆರಳಿಟ್ಟು ಏನೋ ತೋರಿಸಿದ.

"ಇಂವಾ ಟೊಪಗಿ ಹಾಕ್ಯಾನ, ಅದಕ್ಕ ಇಂವನ ಮಾಸ್ತರ ಅಂತ ತಿಳದೆ ಅಂತಾನ್ರಿ" ಎಂದಳು ನೀಲಾ.

ಯಾಸ್ಮೀನ ರೇಣವ್ವನ ಕಡೆ ತಿರುಗಿದರು. "ಅವ್ವಾರ, ಅದರಾಗ ಮಾತಾಡಿದಾಕಿ ನಾನ."

ರೇಣವ್ವ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ನೀವು ಬ್ಯಾಡ ಅಂದೀರಂತ. ಮಂದಿ ಎಲ್ಲಾ ಅದನ್ನ ಹೇಳ್ತಾರ" ಎಂದರು. "ನನ್ನ ಮಗಗ ಯಾರೂ ಬ್ಯಾಡ ಅಂದಿಲ್ಲ ನೋಡ ಯವ್ವಾ."

ಆ ದಿನವನ್ನು ನೆನೆದು ಯಾಸ್ಮೀನ ಹೇಳುತ್ತಾರೆ: "ಬೈದಿದ್ರ ಹಗುರಾಗತಿತ್ತು. ಬೈಲಿಲ್ಲ. ನೀರು ಕೊಟ್ಟು ಕಳಿಸಿದ್ರು."

ಆ ತಿಂಗಳೇ ಅಡಿಬರಹ ಕೂರಿಸುವುದನ್ನು ಕಲಿಯತೊಡಗಿದರು. ಮೊದಲು ತಿದ್ದಿದ್ದು ಅದೇ ಪಾಠ. ಆಡಿದ ಮಾತನ್ನೆಲ್ಲ ಒಂದಕ್ಷರ ಬಿಡದೆ ಬರೆದು ಹೊನವಾಡಕ್ಕೆ ಒಯ್ದರು. ಕುನಾಲ ನೋಡಿದ, ತಲೆ ಅಲ್ಲಾಡಿಸಿದ, ಎರಡು ಬೆರಳನ್ನು ಹೊರಸಿನ ಮೇಲೆ ಓಡಿಸಿ ತೋರಿಸಿದ. ಅಕ್ಷರಗಳು ಓಡಿ ಹೋಗುತ್ತವೆ. 'ಸಿಂಪಡಣೆ', 'ಮುನ್ನೆಚ್ಚರಿಕೆ' ಅಂದರೆ ಏನು? ಯಾಸ್ಮೀನ ವಾಪಸು ಬಂದು ಮತ್ತೆ ಬರೆದರು. ನಾಲ್ಕು ಸಲ ಹೋಗಿ ಬಂದರು. ಐದನೆಯ ಸಲಕ್ಕೆ ಸಾಲುಗಳು ಮೂರು ಪದಕ್ಕೆ ಇಳಿದಿದ್ದವು. ಊದುವವನ ಚಿತ್ರ ಇರಲೇ ಇಲ್ಲ. ಆ ಜಾಗದಲ್ಲಿ ಒಬ್ಬ ಹೆಂಗಸು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಳಿಕೆ ತಿಕ್ಕಿ ತೊಳೆಯುತ್ತಿದ್ದಳು. ಆ ಹೆಂಗಸು ಯಾಸ್ಮೀನ. ಚಿತ್ರ ತೆಗೆದದ್ದು ನೀಲಾ, ತನ್ನ ಮೊಬೈಲಿನಲ್ಲಿ.

ಸಂಸ್ಥೆ ಒಪ್ಪಲು ಏಳು ತಿಂಗಳು ಹಿಡಿಯಿತು. ಒಬ್ಬಿಬ್ಬರಿಗಾಗಿ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಬಂತು. ಯಾಸ್ಮೀನ ವಾದ ಮಾಡಲಿಲ್ಲ. ಬಸಗೊಂಡಪ್ಪನವರನ್ನು ಹೊನವಾಡದ ತೋಟವೊಂದಕ್ಕೆ ಕರೆದೊಯ್ದು, ಔಷಧಿ ಹೊಡೆಯುವ ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಪಾಠ ಹಚ್ಚಿಕೊಟ್ಟರು. ಯಂತ್ರದ ಸದ್ದಿನಲ್ಲಿ ಯಾರಿಗೂ ಮಾತು ಕೇಳಲಿಲ್ಲ. ಕಿವಿ ಚೆನ್ನಾಗಿದ್ದ ಕೂಲಿಕಾರರೂ ಅಡಿಬರಹವನ್ನೇ ಓದುತ್ತಿದ್ದರು. ಬಸಗೊಂಡಪ್ಪ ಅಲ್ಲಿಂದಲೇ ಕಚೇರಿಗೆ ಫೋನು ಹಚ್ಚಿದರು.

ಈಗ ಪ್ರತಿ ಶನಿವಾರ ಯಾಸ್ಮೀನ ಬಬಲೇಶ್ವರಕ್ಕೆ ಹೋಗುತ್ತಾರೆ. ಅಲ್ಲಿನ ಒಂದು ಕೋಣೆಯಲ್ಲಿ ಕಿವಿ ಕೇಳದ, ಕಣ್ಣು ಕಾಣದ ಏಳೆಂಟು ಮಂದಿ ಸೇರಿ ಹೊಸ ಪಾಠಗಳನ್ನು ಪರೀಕ್ಷಿಸುತ್ತಾರೆ. ನಿಡೋಣಿಯ ಭಾಗಪ್ಪನವರಿಗೆ ಕಣ್ಣು ಕಾಣುವುದಿಲ್ಲ, ಮನೆಯಲ್ಲಿ ಹದಿನಾಲ್ಕು ಆಡು ಸಾಕಿದ್ದಾರೆ. ಆಡಿಗೆ ಔಷಧಿ ಕುಡಿಸುವ ಪಾಠ ಕೇಳುತ್ತ ಒಂದು ದಿನ ಅವರು ಕೈ ಎತ್ತಿದರು.

"ಬಾಯಿ ಹೀಗೆ ಹಿಡಿಯಿರಿ ಅಂತೀರಿ. ಹೀಗೆ ಅಂದ್ರ ಹ್ಯಾಂಗ್ರಿ, ಅಕ್ಕಾರ?"

ಅಂದಿನಿಂದ ಯಾಸ್ಮೀನ ತಾವು ಓದುವ ಪ್ರತಿ ಪಾಠದಲ್ಲೂ 'ಹೀಗೆ' ಎಂಬ ಪದವನ್ನು ಹುಡುಕಿ ಹೊಡೆದು ಹಾಕುತ್ತಾರೆ. ಎಡಗೈ ಗದ್ದದ ಕೆಳಗೆ, ಹೆಬ್ಬೆರಳು ತುಟಿಯ ಮೂಲೆಯಲ್ಲಿ ಎಂದು ಬಿಡಿಸಿ ಬರೆಯುತ್ತಾರೆ. ಪಾಠದ ಕೊನೆಯ ಪರೀಕ್ಷೆಗಿದ್ದ ಐದು ನಿಮಿಷದ ಗಡುವನ್ನೂ ತೆಗೆಸಿದ್ದಾರೆ. ಫೋನು ಒಂದೊಂದೇ ಉತ್ತರವನ್ನು ಓದಿ ಹೇಳುವಷ್ಟರಲ್ಲಿ ಭಾಗಪ್ಪನವರ ಹೊತ್ತು ಮುಗಿದು ಹೋಗುತ್ತಿತ್ತು. ಮೂರು ಸಲ ನಪಾಸಾಗಿದ್ದವರು ಗಡುವಿಲ್ಲದೆ ಬರೆದಾಗ ಹತ್ತಕ್ಕೆ ಒಂಬತ್ತು ತೆಗೆದರು.

ಕುನಾಲ ಮತ್ತೆ ಔಷಧಿ ಹೊಡೆಯುವ ಕೆಲಸಕ್ಕೆ ಹೋಗಲಿಲ್ಲ. ದ್ರಾಕ್ಷಿ ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ ಕೂತು ಗೊನೆ ಆರಿಸುತ್ತಾನೆ. ಅವನು ನೋಡದೆ ಯಾಸ್ಮೀನರ ಯಾವ ಪಾಠವೂ ಹೊರಗೆ ಹೋಗುವುದಿಲ್ಲ. ಕ್ಷಮಿಸಿದ್ದಾನೆಯೇ ಎಂದು ಅವರು ಎಂದೂ ಕೇಳಿಲ್ಲ. "ಕೇಳಾಕ ನನಗ ಸನ್ನೆನೂ ಬರೂದಿಲ್ಲ, ಧೈರ್ಯಾನೂ ಇಲ್ಲ. ಕೆಲಸದಾಗಿನ ತಪ್ಪು ಮಾತ್ರ ಕೇಳತೇನಿ, ಅಂವ ತೋರಸ್ತಾನ" ಎನ್ನುತ್ತಾರೆ.

ಕಳೆದ ತಿಂಗಳು ಬಸಗೊಂಡಪ್ಪ ಒಂದು ಹೊಸ ಕೆಲಸ ಮಾಡಿದರು. ಹನಿ ನೀರಾವರಿ ಪೈಪು ರಿಪೇರಿಯ ಪಾಠವನ್ನು ಚಿತ್ರೀಕರಿಸುವ ಮೊದಲೇ ಕುನಾಲನನ್ನೂ ಭಾಗಪ್ಪನವರನ್ನೂ ವಿಜಯಪುರಕ್ಕೆ ಕರೆಸಿದರು. ಚಿತ್ರಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಕುನಾಲ ಎರಡು ತಾಸು ಕೂತ, ನಡುಗುವ ಕೈಯಿಂದಲೇ ಮೂರು ಹಾಳೆ ತೆಗೆದು ಬದಿಗಿಟ್ಟ. ಭಾಗಪ್ಪ ಬರಹ ಓದಿಸಿಕೊಂಡು ಹನ್ನೊಂದು ಕಡೆ ನಿಲ್ಲಿಸಿದರು. ಯಾಸ್ಮೀನ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದರು, ಯಾರೂ ಅವರನ್ನು ಏನೂ ಕೇಳಲಿಲ್ಲ.

"ಆ ಪಾಠ ತಯಾರಾಗಿ ಬಂದಾಗ ತಿದ್ದಾಕ ನನಗೇನೂ ಉಳಿದಿದ್ದಿಲ್ಲ" ಎನ್ನುತ್ತಾರೆ ಅವರು. "ಎಲ್ಲಾ ಪಾಠ ಹಂಗ ಬರಬೇಕ್ರಿ. ಆಮ್ಯಾಲ ನನ್ನ ಕರೀದಿದ್ರೂ ನಡೀತೈತಿ."