ಹತ್ತೊಂಬತ್ತು ಖಾಲಿ ಫಾರಂಗಳು

ನಾಲ್ಕು ವರ್ಷಗಳ ಹಿಂದೆ ನಾನು ಹೊಸಪೇಟೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಪಾಠದ ಜೊತೆಗೆ ಪ್ರಥಮ ಬಿ.ಎಸ್ಸಿ. ಮಕ್ಕಳ ಕೋರ್ಸ್ ರಿಜಿಸ್ಟ್ರೇಷನ್ ಹೊಣೆಯೂ ನನ್ನದೇ. ಯಾವ ವಿಷಯ ತೆಗೆದುಕೊಂಡರೆ ಮುಂದೆ ಯಾವ ದಾರಿ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ಅವರಿಗೆ ತಿಳಿಸಬೇಕು. ಅವರು ಆರಿಸಿದ್ದನ್ನು ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ನನ್ನ ಲಾಗಿನ್‌ನಿಂದ ಅನುಮೋದಿಸಬೇಕು. ಉದಾಹರಣೆಗೆ, ಹೈಸ್ಕೂಲಿನಲ್ಲಿ ಗಣಿತ ಮೇಷ್ಟರಾಗಬೇಕೆನ್ನುವವರು ಪದವಿಯಲ್ಲಿ ಗಣಿತ ಓದಿರಲೇಬೇಕು. ಈ ಸಣ್ಣ ಮಾತು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.

ಅದಕ್ಕಾಗಿ ನಾನು ಪ್ರತಿ ವಿದ್ಯಾರ್ಥಿಗೂ ಒಂದು ಮೆಂಟರ್ ಶೀಟ್ ಮಾಡಿದ್ದೆ. ಊರು, ಬರುವ ಬಸ್ಸು, ಪಿಯುಸಿ ಅಂಕ, ತಂದೆ ತಾಯಿಯ ಓದು, ಅವರ ಕೆಲಸ ಎಲ್ಲವೂ ಅದರಲ್ಲಿರುತ್ತಿತ್ತು. ಮನೆಯಲ್ಲಿ ಓದಿದವರು ಯಾರೂ ಇಲ್ಲದ ಮಕ್ಕಳ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತಿದ್ದೆ. ಇವರಿಗೆ ಎರಡೆರಡು ಸಲ ಬಿಡಿಸಿ ಹೇಳಬೇಕು ಎಂದು ಅದರ ಅರ್ಥ. ನಿಯಮದಂತೆ ಒಂದು ಪ್ರತಿ ಪ್ರಿನ್ಸಿಪಾಲರ ಕಚೇರಿಗೂ ಹೋಗುತ್ತಿತ್ತು.

ಆ ವರ್ಷ ವಿಷಯ ಬದಲಾವಣೆಗೆ ಕೊಟ್ಟಿದ್ದ ಕೊನೆಯ ದಿನ ನನ್ನ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಸಂಡೂರಿಗೆ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಕಚೇರಿಯ ಕಂಪ್ಯೂಟರ್ ಆಪರೇಟರ್ ವಿಷಯ ಬದಲಾವಣೆಯ ಖಾಲಿ ಫಾರಂಗಳ ಕಟ್ಟು ಹಿಡಿದು ಬಂದ.

"ಕೊನೇ ಗಳಿಗೆಗೆ ಯಾರಾರ ಬಂದ್ರ ಇರ್ಲಿ ಮೇಡಂ, ಒಂದಿಪ್ಪತ್ತು ಫಾರಂಗೆ ಸಹಿ ಹಾಕಿ ಹೋಗ್ರಿ" ಎಂದ.

ಹಾಕಿದೆ. ನಿಂತುಕೊಂಡೇ, ಹೆಗಲ ಮೇಲಿನ ಬ್ಯಾಗು ಕೂಡ ಇಳಿಸದೆ ಹಾಕಿದೆ. ನನ್ನ ಲಾಗಿನ್ ಪಾಸ್‌ವರ್ಡ್ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನೇ ಹೇಳಿದ್ದೆ.

ಹತ್ತು ದಿನ ಕಳೆದ ಮೇಲೆ ಹುಲಿಗೆಮ್ಮ ಎಂಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಎಮ್ಮಿಗನೂರಿನವಳು. ಕಂಪ್ಲಿಯಲ್ಲಿ ಬಸ್ಸು ಬದಲಿಸಿ ದಿನವೂ ಬರುತ್ತಿದ್ದಳು. ತಂದೆ ಇಲ್ಲ, ತಾಯಿ ಭತ್ತದ ಗದ್ದೆಯಲ್ಲಿ ಕೂಲಿ. ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದ ಇವಳಿಗೆ ಗಣಿತದ ಟೀಚರ್ ಆಗುವುದೊಂದೇ ಆಸೆ.

"ಮೇಡಂ, ನಾನು ಮ್ಯಾಥ್ಸ್ ತಗಂಡಿದ್ದೆ. ಲಿಸ್ಟ್‌ನಾಗ ಬಾಟ್ನಿ ಅಂತ ಬಂದೈತಿ."

"ಬದಲಿ ಮಾಡಾಕ ಫಾರಂ ಏನಾರ ಕೊಟ್ಟಿದ್ದೇನಮ್ಮ?"

"ಇಲ್ರಿ. ಆಫೀಸಿನಾಗ ಕೇಳಿದ್ರ, ಯುನಿವರ್ಸಿಟಿಯವ್ರು ಮಾಡ್ಯಾರ, ನಮ್ ಕೈಯಾಗಿಲ್ಲ ಅಂದ್ರು."

ಪೋರ್ಟಲ್ ತೆರೆದು ನೋಡಿದೆ. ಗಣಿತದಿಂದ ಸಸ್ಯಶಾಸ್ತ್ರಕ್ಕೆ ಹತ್ತೊಂಬತ್ತು ಮಕ್ಕಳು ಬದಲಾಗಿದ್ದರು. ಎಲ್ಲವೂ ಅದೇ ಕೊನೆಯ ದಿನ, ನಾನು ಸಂಡೂರಿನಲ್ಲಿ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ನನ್ನದೇ ಲಾಗಿನ್‌ನಿಂದ. ಕಚೇರಿಗೆ ಹೋಗಿ ಫೈಲು ಕೇಳಿದೆ. ಆಪರೇಟರ್ ತಲೆ ಎತ್ತದೆ ತೆಗೆದುಕೊಟ್ಟ. ಹುಲಿಗೆಮ್ಮ ಯಾವಾಗಲೂ ಕನ್ನಡದಲ್ಲಿ, ಗುಂಡಗೆ ಬಿಡಿ ಬಿಡಿಯಾಗಿ ಸಹಿ ಮಾಡುವವಳು. ಫಾರಂನಲ್ಲಿ ಅವಳ ಸಹಿ ಇಂಗ್ಲಿಷಿನಲ್ಲಿತ್ತು, ಅದೂ ತಪ್ಪು ಸ್ಪೆಲಿಂಗಿನಲ್ಲಿ. ಅವಳನ್ನು ಕರೆದು ತೋರಿಸಿದೆ.

"ಇದು ನಂದಲ್ರಿ" ಎಂದಳು. ಬೆರಳನ್ನು ಕೆಳಗೆ ಸರಿಸಿ, "ಕೆಳಗಿಂದು ನಿಮ್ದಾ?" ಎಂದು ಕೇಳಿದಳು.

ಹೌದು ಎಂದೆ.

ಫೈಲು ಹಿಡಿದು ಪ್ರಿನ್ಸಿಪಾಲರ ಬಳಿ ಹೋದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಸಸ್ಯಶಾಸ್ತ್ರವನ್ನು ತಾವಾಗಿ ಆರಿಸಿದ್ದವರು ನಾಲ್ಕೇ ಜನ. ಇಪ್ಪತ್ತು ತುಂಬದಿದ್ದರೆ ಆಡಳಿತ ಮಂಡಳಿ ಆ ವಿಭಾಗವನ್ನು ಮುಚ್ಚಬೇಕಿತ್ತು. ಅಲ್ಲಿ ಪಾಠ ಮಾಡುವಾಕೆ ಮಂಡಳಿಯ ಕಾರ್ಯದರ್ಶಿಯ ಸೊಸೆ.

"ಬಾಟ್ನಿ ಏನ್ ಕೆಟ್ಟ ಸಬ್ಜೆಕ್ಟೇನ್ರಿ ಮೇಡಂ? ಡಿಗ್ರಿ ಅಂದ್ರ ಡಿಗ್ರಿ" ಎಂದರು.

"ಈ ಹತ್ತೊಂಬತ್ತು ಮಂದೀನ ಹೆಂಗ ಆರಿಸಿದ್ರಿ ಸರ್?"

"ನಿಮ್ ಶೀಟ್ ಭಾಳ ಉಪಯೋಗ ಆತು ನೋಡ್ರಿ. ಕೆಂಪು ಗುರುತು ಇದ್ದೋರ ಮನೇರು ಯಾರೂ ಕೇಳಾಕ ಬರಂಗಿಲ್ಲ." ಇಷ್ಟು ಹೇಳಿ ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಸ್ಟಾಫ್ ರೂಮಿಗೆ ಬಂದು ಪಟ್ಟಿಯನ್ನು ಮತ್ತೆ ಓದಿದೆ. ಗದ್ದೆ ಕೂಲಿಯವರ ಮಕ್ಕಳು, ಸಂಡೂರಿನ ಗಣಿ ಲಾರಿ ಕ್ಲೀನರನ ಮಗಳು, ಹಂಪಿಯಲ್ಲಿ ಬಾಳೆಹಣ್ಣು ಮಾರುವಾಕೆಯ ಮಗ. ಕಂಪ್ಲಿಯ ರೈಸ್ ಮಿಲ್ಲಿನವರ ಮಗನೂ ಅದೇ ತರಗತಿಯಲ್ಲಿದ್ದ. ಅವನ ವಿಷಯಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಆ ಪ್ರಿನ್ಸಿಪಾಲನ ಮೇಲೆ ಹೇಸಿಗೆಯಾಯಿತು. ಆದರೆ ಅವನಿಗೆ ಪಟ್ಟಿ ಮಾಡಿಕೊಟ್ಟವಳೂ ಸಹಿ ಹಾಕಿದವಳೂ ನಾನೇ ಎಂಬ ಹೇಸಿಗೆ ಅದಕ್ಕಿಂತ ದೊಡ್ಡದಾಗಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚಲಾಗಲಿಲ್ಲ.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ ಎಲ್ಲ ತಪ್ಪೂ ಕಚೇರಿಯದಾಗಿತ್ತು. ಓದಿ ನೋಡಿದರೆ ಅದೂ ಒಂದು ಸುಳ್ಳು ಫಾರಂ ಅನ್ನಿಸಿತು, ಹರಿದು ಹಾಕಿದೆ. ಖಾಲಿ ಫಾರಂಗಳಿಗೆ ಸಹಿ ಮಾಡಿದವಳು ನಾನು, ಪಾಸ್‌ವರ್ಡ್ ಕೊಟ್ಟವಳೂ ನಾನು ಎಂದು ಎರಡನೆಯದರಲ್ಲಿ ಬರೆದೆ. ಮಕ್ಕಳ ಮತ್ತು ಪಾಲಕರ ಹೇಳಿಕೆಗಳನ್ನೂ ಜೊತೆಗೆ ಸೇರಿಸಬೇಕಿತ್ತು. ಹುಲಿಗೆಮ್ಮನ ತಾಯಿ ದುರುಗಮ್ಮ ನಾಟಿಯ ಕೆಲಸ ಬಿಟ್ಟು ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ಪತ್ರವನ್ನು ಎರಡು ಸಲ ಓದಿಸಿ ಕೇಳಿದರು.

"ಹಿಂಗ ಬರದ್ರ ನಿಮ್ಗ ತ್ರಾಸ ಆಗಂಗಿಲ್ಲೇನ್ರಿ?"

"ಆಕ್ಕತಮ್ಮ."

"ಆಗ್ಲಿ ಬಿಡ್ರಿ" ಎಂದು ತಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಆ ದಿನಗಳಲ್ಲಿ ನಾನು ಕೇಳಿದ ಶುದ್ಧವಾದ ಮಾತು ಅದೊಂದೇ.

ವಿಶ್ವವಿದ್ಯಾಲಯಕ್ಕೆ ಎರಡು ಸಲ ಅಲೆದೆ. ಒಂದೂವರೆ ತಿಂಗಳ ಮೇಲೆ ಎರಡು ದಿನದ ಮಟ್ಟಿಗೆ ಪೋರ್ಟಲ್ ಮತ್ತೆ ತೆರೆದರು. ಹದಿನಾರು ಮಕ್ಕಳು ಗಣಿತಕ್ಕೆ ಮರಳಿದರು. ಕಾಲೇಜು ಕೊಟ್ಟ ವಿವರಣೆಯಲ್ಲಿ ಇದು 'ತಾಂತ್ರಿಕ ದೋಷ' ಎಂದಿತ್ತು. ಆಪರೇಟರನನ್ನು ಲೈಬ್ರರಿಗೆ ಹಾಕಿದರು. ನನ್ನಿಂದ ರಿಜಿಸ್ಟ್ರೇಷನ್ ಹೊಣೆ ಕಿತ್ತುಕೊಂಡು ನೋಟಿಸ್ ಕೊಟ್ಟರು. ಪ್ರಿನ್ಸಿಪಾಲರು ಅದೇ ಕುರ್ಚಿಯಲ್ಲಿ ಉಳಿದರು. ಆ ವರ್ಷದ ಸ್ವಾಗತ ಸಮಾರಂಭದಲ್ಲಿ ಗ್ರಾಮೀಣ ಪ್ರತಿಭೆಯ ಬಗ್ಗೆ ಭಾಷಣವನ್ನೂ ಮಾಡಿದರು. ಹುಲಿಗೆಮ್ಮ ಪದವಿ ಮುಗಿಸಿ ಈಗ ಬಿ.ಇಡಿ. ಓದುತ್ತಿದ್ದಾಳೆ.

ಉಳಿದ ಮೂವರು ಪೋರ್ಟಲ್ ಮತ್ತೆ ತೆರೆಯುವಷ್ಟರಲ್ಲಿ ಕಾಲೇಜನ್ನೇ ಬಿಟ್ಟಿದ್ದರು. ಇಬ್ಬರು ಹುಡುಗಿಯರ ವಿಳಾಸ ಹಿಡಿದು ಹೋದರೂ ಸಿಗಲಿಲ್ಲ. ಮೂರನೆಯವನು ಹಂಪಿಯ ವಿರೂಪಾಕ್ಷಿ, ಬಾಳೆಹಣ್ಣು ಮಾರುವಾಕೆಯ ಮಗ. ಅಲ್ಲಿನ ಬಸ್ ನಿಲ್ದಾಣದ ಬಳಿ ಬಾಡಿಗೆ ಆಟೊದ ಚಾಲಕನ ಸೀಟಿನಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಇಳಿದು ನಿಂತ. ಪೋರ್ಟಲ್ ತೆರೆದಿದೆ, ನಾಳೆಯೇ ಬಾ ಎಂದೆ.

"ಬ್ಯಾಡ್ರಿ ಮೇಡಂ. ಈಗ ಇದಕ್ಕ ಹೊಂದಿಕೊಂಡೀನಿ."

"ಅವತ್ತೇ ನನ್ನತ್ರ ಯಾಕ ಬರ್ಲಿಲ್ಲಪ್ಪ?"

"ಆಫೀಸಿನಾಗ ಫಾರಂ ತೋರ್ಸಿದ್ರು. ನಿಮ್ ಸಹಿ ಇತ್ತು. ಮ್ಯಾಥ್ಸ್ ನನ್ ಕೈಲಿ ಆಗಂಗಿಲ್ಲ ಅಂತ ನೀವ ನೋಡಿ ಬದ್ಲಿ ಮಾಡೀರಿ ಅಂದ್ಕಂಡೆ."

ಅವನಿಗೆ ಪಿಯುಸಿ ಗಣಿತದಲ್ಲಿ ತೊಂಬತ್ತೊಂದು ಅಂಕ ಬಂದಿದ್ದವು. ಅದನ್ನು ಶೀಟಿನಲ್ಲಿ ಬರೆದುಕೊಂಡವಳು ನಾನೇ. ಅಷ್ಟರಲ್ಲಿ ಪ್ರವಾಸಿಗರು ಬಂದರು, ಅವನು ಹೊರಟುಹೋದ.

ಸಲಹೆ ಕೊಡುವ ಕೆಲಸದಲ್ಲಿರುವ ಕಿರಿಯರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಹತ್ತಿರ ಜಗಳಕ್ಕೆ ಬರುವ ಪಾಲಕರ ಮಕ್ಕಳ ಬಗ್ಗೆ ಚಿಂತೆ ಬೇಡ, ಅವರ ಕೆಲಸ ಹೇಗೂ ಆಗುತ್ತದೆ. ಯಾರೂ ಬಾರದ ಮಗುವಿನ ಅರ್ಜಿಯನ್ನು ಕುಳಿತು ಓದಿ. ತಪ್ಪಾದರೆ ಆ ಮಗು ನಿಮ್ಮ ಮೇಲೆ ಸಂಶಯಪಡುವುದಿಲ್ಲ, ತನ್ನ ಬುದ್ಧಿಯ ಮೇಲೆಯೇ ಸಂಶಯಪಡುತ್ತದೆ.