ಫರಸಿ ಕೆಳಗಿನ ಬೆಂಡೆ ಬೀಜ

೧೯೯೬ರಲ್ಲಿ ಏಳನೇ ತರಗತಿ ಅರ್ಧಕ್ಕೆ ನಿಲ್ಲಿಸಿ ಶಹಾಬಾದಿನ ಫರಸಿ ಹಾಸುಗಲ್ಲಿನ ಗಣಿಗೆ ಹೋದೆ. ಕಲಿತದ್ದರಲ್ಲಿ ಶೇಕಡಾ ಲೆಕ್ಕ ಒಂದನ್ನು ಮರೆಯಲಿಲ್ಲ. ಮುಂದೆ ಸೇಡಂ ಹತ್ತಿರ ಕಾಯಿಪಲ್ಲೆ ಬೆಳೆಯತೊಡಗಿದಾಗ ಅದೇ ಕೈಹಿಡಿಯಿತು. ನೂರು ಬೀಜ ಹಸಿ ಅರಿವೆಯಲ್ಲಿ ಸುತ್ತಿಟ್ಟು, ಐದನೇ ದಿನ ಬಿಚ್ಚಿ ಮೊಳಕೆ ಎಣಿಸುವುದು. ಚಿತ್ತಾಪುರ ಕಡೆಯವರೂ ಬೀಜದ ಗಂಟು ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಹೇಳಿದ ಅಂಕಿ ತಪ್ಪಿದ್ದಿಲ್ಲ.

ಈ ವರ್ಷ ಮುಂಗಾರಿಗೆ ಮೊದಲು ಗುಂಡಗುರ್ತಿಯ ಅಕ್ಕ ನಮ್ಮ ಅವ್ವನ ಬೆಂಡೆ ಬೀಜ ಕೇಳಲು ಬಂದಳು. ಮುಳ್ಳುಮುಳ್ಳಾದ ಆ ಗಿಡ್ಡ ಬೆಂಡೆ ಅಂಗಡಿಯಲ್ಲಿ ಸಿಗುವುದಿಲ್ಲ. ಅವ್ವ ಹೋದ ಮೇಲೆ ಅದರ ಬೀಜ ಉಳಿದದ್ದು ನನ್ನ ಒಂದು ಡಬ್ಬಿಯಲ್ಲಿ ಮಾತ್ರ. ಮೊದಲೇ ಕಟ್ಟಿಟ್ಟಿದ್ದ ಅರಿವೆಯನ್ನು ಅವಳೆದುರು ಬಿಚ್ಚಿ ಎಣಿಸಿದೆ. ತೊಂಬತ್ತೊಂದು.

"ಒಡದಾವ ಖರೆ, ತಮ್ಮಾ," ಅಂದಳು ಅಕ್ಕ. "ಆದ್ರ ದಾರದಂಗ ಅವ ನೋಡು. ಇವೇನ್ ಮಣ್ಣ ಎತ್ತತಾವ?"

"ನೂರಕ್ಕ ತೊಂಬತ್ತೊಂದು, ಅಕ್ಕಾ. ನಿನಗ ಎಣಿಸಾಕ ಬರ್ತದೋ ಇಲ್ಲೋ?"

"ಸಾಲಿ ಬಿಟ್ಟಾಂವ ಮಾಸ್ತರ ಆಗ್ಯಾನ, ಕೇಳಬೇಕಲ್ಲಪಾ." ನಗುತ್ತ, ಡಬ್ಬಿಯಲ್ಲಿ ನನಗೊಂದು ಹಿಡಿ ಬಿಟ್ಟು ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಅವಳು ಬೀಜ ಊರಿದ ಮರುದಿನ ಮಳೆ ಬಡಿಯಿತು, ಮೇಲೆ ಬಿಸಿಲು ಬಿತ್ತು. ಮಣ್ಣು ಕಟಿರೊಟ್ಟಿಯಂತೆ ಗಟ್ಟಿಯಾಯಿತು. ಹತ್ತು ದಿನವಾದರೂ ಸಾಲು ಖಾಲಿ ಎಂದು ಅಕ್ಕನ ಫೋನ್ ಬಂತು. ಹೋಗಿ ಬೆರಳಿನಿಂದ ಕೆದರಿದೆ. ಮೊಳಕೆಗಳು ಒಳಗೇ ಕೊಕ್ಕೆಯಂತೆ ಬಾಗಿ ಸತ್ತಿದ್ದವು. ಪಕ್ಕದ ಹೊಲದ ಬೆಂಡೆ ಅಂಥದೇ ಮಣ್ಣನ್ನು ಸೀಳಿ ಎದ್ದಿತ್ತು.

ಅಕ್ಕ ಬೈಯಲಿಲ್ಲ. "ಡಬ್ಬಿ ಎಲ್ಲಿ ಇಟ್ಟಿದ್ದಿ?" ಎಂದಳು.

"ಅಟ್ಟದ ಮ್ಯಾಲ. ಫರಸಿ ಬುಡಕ."

"ಬ್ಯಾಸಗ್ಯಾಗ ಆ ಫರಸಿಗಿ ಕೈ ಹಚ್ಚಿ ನೋಡಿದೇನು?"

ಆ ಫರಸಿ ಛಾವಣಿಯ ಒಂದೊಂದು ಕಲ್ಲನ್ನೂ ನಾನೇ ಗಣಿಯಿಂದ ಆರಿಸಿ ತಂದು ಹೊದಿಸಿದ್ದೆ. ಅದು ಎಷ್ಟು ಕಾಯುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಎರಡು ಬೇಸಿಗೆ ಬೀಜ ಅದರ ಕೆಳಗೆ ಬೆಂದಿತ್ತು. ಜೀವ ಇತ್ತು, ಕಸುವು ಇರಲಿಲ್ಲ. ಅರಿವೆಯಲ್ಲಿ ಮೊಳಕೆಗೆ ಎತ್ತಲು ಮಣ್ಣಿನ ಭಾರವೇ ಇರಲಿಲ್ಲವಲ್ಲ, ಅದಕ್ಕೇ ನನಗದು ತಿಳಿಯಲಿಲ್ಲ.

ಮನೆಗೆ ಬಂದು ಉಳಿದ ಹಿಡಿಯಲ್ಲಿ ಇಪ್ಪತ್ತು ಬೀಜ ಎಣಿಸಿ, ಗಟ್ಟಿ ಮಣ್ಣಿನ ಭಾರದ ಬದಲು ಮೇಲೆ ಎರಡು ಬೆರಳಿನಷ್ಟು ಇಟ್ಟಿಗೆ ಪುಡಿ ಸುರಿದು ನೋಡಿದೆ. ಮೂರು ಎದ್ದವು, ಅವನ್ನು ಹಿತ್ತಲಲ್ಲಿ ನೆಟ್ಟೆ. ಮಿಕ್ಕವನ್ನು ಪರೀಕ್ಷಿಸಲು ಧೈರ್ಯ ಬರಲಿಲ್ಲ, ಜರಡಿ ಹಿಡಿದ ಗೊಬ್ಬರದ ಮಣ್ಣಿನಲ್ಲಿ ಹಾಕಿ ಕೂಸಿನಂತೆ ಕಾದೆ. ಹೆಚ್ಚಿನವು ಬುಡ ಕೊಳೆತು ಬಿದ್ದವು. ಎಂಟು ನಿಂತವು.

ಈಗ ಯಾರಾದರೂ ಬೀಜದ ಗಂಟು ತಂದರೆ ಅಂಕಿ ಹೇಳಲು ನಾಲಿಗೆ ಏಳುವುದಿಲ್ಲ. ಅಕ್ಕ ಫೋನ್ ಮಾಡಿದಾಗಲೆಲ್ಲ ಮೊದಲು "ಎಷ್ಟ ಅವ?" ಎಂದೇ ಕೇಳುತ್ತಾಳೆ. ಡಬ್ಬಿ ಖಾಲಿ. ಕಾಯಿ ಇನ್ನೂ ಬಲಿತಿಲ್ಲ. ಹನ್ನೊಂದು ಗಿಡ.